ನನ್ನ ಎರಡು ಬಗೆಯ ಹ್ಞೂಂ

ಗಂಡಂದಿರ ಕಿವಿಗೆ ಕಚೇರಿಯ ಮೇಲಿರುವ ನಿಷ್ಠೆ ಸಾಮಾನ್ಯದ್ದಲ್ಲ. ದೇಹ ಮನೆಗೆ ಬಂದರೂ ಅದು ಅಲ್ಲೇ ಉಳಿದಿರುತ್ತದೆ. ನಾನು ಸಿದ್ಧಕಟ್ಟೆಯ ಸಹಕಾರಿ ಸಂಘವೊಂದರಲ್ಲಿ ಮ್ಯಾನೇಜರು. ಆಡಿಟ್ ಸಮಯ ಬಂತೆಂದರೆ ನರಿಕೊಂಬಿನ ನಮ್ಮ ಮನೆಯಲ್ಲಿ ನಾನು ಆಡುವುದು ಒಂದೇ ಮಾತು, ಹ್ಞೂಂ. ಊಟ ಬಡಿಸಲಾ ಎಂದರೂ ಹ್ಞೂಂ, ಸಾರಿಗೆ ಉಪ್ಪು ಹೆಚ್ಚಾಯಿತಾ ಎಂದರೂ ಹ್ಞೂಂ. ದಿನವಿಡೀ ಸದಸ್ಯರೊಡನೆ ನಗುನಗುತ್ತಾ ಮಾತಾಡಿ, ನಗು ಖರ್ಚಾಗಿ ಉಳಿದ ಮುಖವನ್ನು ಹೆಂಡತಿಗೆಂದು ಮನೆಗೆ ತರುವವನು ನಾನು.

ಹೆಂಡತಿ ಸುಮತಿ ಬಂಟ್ವಾಳದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಬೆಳಿಗ್ಗೆ ಬೈಕಿನಲ್ಲಿ ಅವಳನ್ನು ಬಿಟ್ಟು ನಾನು ಸಿದ್ಧಕಟ್ಟೆಗೆ ಹೋಗುತ್ತಿದ್ದೆ. ನಮಗೆ ಮಾತಾಡಲು ಸಿಗುತ್ತಿದ್ದ ಹೊತ್ತು ಅದೊಂದೇ, ಅದೂ ಎರಡು ಹೆಲ್ಮೆಟ್ಟುಗಳ ಮೂಲಕ. ಒಂದು ದಿನ ಅವಳು ಹಿಂದಿನಿಂದ ಏನೋ ಉದ್ದಕ್ಕೆ ಹೇಳಿದಳು. ನಾನು ಆಡಿಟರು ಕೇಳಬಹುದಾದ ಪ್ರಶ್ನೆಗಳಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದೆ. ವಾಡಿಕೆಯಂತೆ ಹ್ಞೂಂ ಎಂದೆ.

ಆ ಭಾನುವಾರ ಪೊಳಲಿ ದೇವಸ್ಥಾನದಲ್ಲಿ ಅವಳ ಸಹೋದ್ಯೋಗಿಯೊಬ್ಬರು ಸಿಕ್ಕಿ, "ಸುಮತಿಗೆ ನಮ್ಮ ಬೆಳ್ತಂಗಡಿ ಶಾಖೆಯಲ್ಲಿ ಹೆಡ್ ನರ್ಸ್ ಕೆಲಸ ಕೊಡ್ತಾರಂತಲ್ಲ, ನಿಮಗೆ ಒಪ್ಪಿಗೆ ಉಂಟಾ?" ಎಂದು ಕೇಳಿದರು. ನಾನು ಕಣ್ಣು ಕಣ್ಣು ಬಿಟ್ಟೆ. ಹೊರಗೆ ಬಂದು ಸುಮತಿಯನ್ನು ಕೇಳಿದೆ.

"ಬೈಕಿನಲ್ಲಿ ಹೇಳಿದೆನಲ್ಲ ಮಾರಾಯ್ರೆ. ದೂರ ಆಗ್ತದೆ, ಬೇಡ ಅಂತ ಹೇಳ್ಲಾ ಅಂತ ಕೇಳಿದೆ. ನೀವು ಹ್ಞೂಂ ಅಂದ್ರಿ."

ಅಷ್ಟು ವರ್ಷ ದುಡಿದು ಅವಳು ಗಳಿಸಿದ ಬಡ್ತಿ ನನ್ನ ಗಂಟಲಿನ ಒಂದು ಸದ್ದಿಗೆ ಹೋಯಿತೇ?

"ಹಾಗಾದ್ರೆ ಬೇಡ ಅಂತ ಹೇಳಿಬಿಟ್ಟೆಯಾ?"

"ಇಲ್ಲ, ಬರ್ತೇನೆ ಅಂತ ಹೇಳಿದೆ. ಕೇಳಿಸಿಕೊಂಡು ಹೇಳುವ ಹ್ಞೂಂ ಬೇರೆ ಉಂಟು ನಿಮ್ಮದು. ಅದು ಸ್ವಲ್ಪ ತಡವಾಗಿ ಬರ್ತದೆ." ಆಮೇಲೆ ದನಿ ತಗ್ಗಿಸಿ, "ಆದ್ರೆ ನನಗೆ ಹೆದರಿಕೆ ಆಗ್ತಾ ಉಂಟು. ಅದನ್ನು ಯಾರ ಹತ್ರ ಹೇಳುವುದು?" ಎಂದಳು.

ದೇವಸ್ಥಾನದ ಹತ್ತಿರದ ಹೊಳೆಯ ಬದಿಯಲ್ಲಿ ಕುಳಿತೆವು. ವಾರ್ಡಿನ ಗಲಾಟೆ, ಹೊಸ ಜವಾಬ್ದಾರಿಯ ಅಂಜಿಕೆ ಎಲ್ಲವನ್ನೂ ಹೇಳಿದಳು. ನನ್ನಷ್ಟೇ ತಲೆಬಿಸಿ ಅವಳಿಗೂ ಇತ್ತು. ಅದನ್ನು ಸಮವಸ್ತ್ರದ ಜೊತೆ ಆಸ್ಪತ್ರೆಯಲ್ಲೇ ಕಳಚಿಟ್ಟು, ಮನೆಗೆ ಬಂದು ನನ್ನ ಮುಖ ನೋಡಿ ಅಡುಗೆಮನೆಗೆ ಹೋಗುತ್ತಿದ್ದಳು ಅಷ್ಟೇ. ತನ್ನದನ್ನು ಹೇಳಿ ಮುಗಿಸಿ, "ಇನ್ನು ನಿಮ್ಮ ಆಡಿಟ್ ಕಥೆ ಹೇಳಿ" ಎಂದಳು. ಹೇಳುತ್ತಾ ಹೋದಂತೆ ಅದು ನಾನು ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕದಾಗಿತ್ತು.

ಈಗ ಅವಳು ಬಸ್ಸಿನಲ್ಲಿ ಬೆಳ್ತಂಗಡಿಗೆ ಹೋಗುತ್ತಾಳೆ. ಇಡೀ ವಾರ್ಡು ಅವಳ ಮಾತಿನಂತೆ ನಡೆಯುತ್ತದಂತೆ. ನನಗೆ ಆಶ್ಚರ್ಯವಿಲ್ಲ. ಸಂಜೆ ನಾನು ಚಹಾ ಮಾಡುತ್ತೇನೆ, ಕುಡಿಯುತ್ತಾ ಮೊದಲು ಅವಳ ದಿನ, ಮತ್ತೆ ನನ್ನದು. ಮನೆ ಹಗುರಾಗಿದೆ.

ಇಷ್ಟು ಕಲಿತವನು ಸುಮ್ಮನಿರುವುದು ಹೇಗೆ? ಮೊನ್ನೆ, ಹೊಸದಾಗಿ ಮದುವೆಯಾದ ನಮ್ಮ ಗುಮಾಸ್ತ ಬಾಡಿದ ಮುಖ ಹೊತ್ತು ನನ್ನ ಮೇಜಿನ ಮುಂದೆ ನಿಂತ. ನನಗೆ ಎಲ್ಲವೂ ಅರ್ಥವಾಯಿತು. ಕೂರಿಸಿ, ಸಂಸಾರದಲ್ಲಿ ಕಿವಿಗೊಟ್ಟು ಕೇಳುವುದು ಎಷ್ಟು ಮುಖ್ಯ ಎಂದು ಸಾವಕಾಶವಾಗಿ ವಿವರಿಸಿದೆ. ಮುಗಿಯುವವರೆಗೂ ಅವನು ಕೆನ್ನೆಗೆ ಕೈಕೊಟ್ಟು ಕೇಳಿದ.

"ಸರ್," ಎಂದ ಕೊನೆಗೆ, "ಹಲ್ಲುನೋವು, ಅರ್ಧ ದಿನ ರಜೆ ಬೇಕು ಅಂತ ಬಂದ ಕೂಡಲೇ ಹೇಳಿದ್ದೆ."