ಪಾಸಾದವರು ಪಾತ್ರೆ ತೊಳೆಯುವುದಿಲ್ಲ

ಅಪ್ಪ: ಮೊನ್ನೆ ರಾತ್ರಿದು, ನಿನ್ನೆದು, ಇವತ್ತು ಬೆಳಗಿಂದು, ಎಲ್ಲಾ ಹಾಗೇ ಬಿದ್ದಿದೆಯಲ್ಲೇ! ಸಿಂಕಲ್ಲಿ ನಲ್ಲೀನೇ ಕಾಣ್ತಿಲ್ಲ!

ಅಮ್ಮ: ಕಾಣುತ್ತೆ. ಆ ದೊಡ್ಡ ಬಾಣಲೆ ಎತ್ತಿದ್ರೆ ಕಾಣುತ್ತೆ.

ಅಪ್ಪ: ಎತ್ತೋರು ಯಾರು?

ಅಮ್ಮ: ನಾನೂ ಮೊನ್ನೆಯಿಂದ ಅದನ್ನೇ ಯೋಚನೆ ಮಾಡ್ತಿದ್ದೀನಿ.

ಅಪ್ಪ: ಮೊನ್ನೆಯಿಂದ ನನಗೆ ಯಾಕೆ ಹೇಳಲಿಲ್ಲ?

ಅಮ್ಮ: ತಟ್ಟೆ ಮೇಜಿನ ಮೇಲೇ ಬಿಟ್ಟು ಎದ್ದು ಹೋಗೋರಿಗೆ ಸಿಂಕಿನ ಸುದ್ದಿ ಯಾಕೆ ಅಂತ ಸುಮ್ಮನಾದೆ ರೀ.

ಅಪ್ಪ ಗಡಿಯಾರ ನೋಡಿದ. ಹತ್ತೂವರೆ. ಹನ್ನೊಂದಕ್ಕೆ ಶಿಕ್ಷಣ ಇಲಾಖೆಯ ಮೇಡಂ ಬರುವವರಿದ್ದರು. ಹೋದ ವರ್ಷ ಬಂದಾಗ ಅವರು ಎರಡೇ ಸಾಲು ಬರೆದು ಹೋಗಿದ್ದರು: ಮಕ್ಕಳ ಕಲಿಕೆಗೆ ದಾಖಲೆ ಇಲ್ಲ, ಮನೆ ಅಚ್ಚುಕಟ್ಟಾಗಿಲ್ಲ. ಇನ್ನೊಮ್ಮೆ ಹಾಗೇ ಬರೆದರೆ ಮನೆಯಲ್ಲೇ ಓದಿಸುವ ಅನುಮತಿ ರದ್ದಾಗುತ್ತಿತ್ತು. ಸೋಮವಾರದಿಂದ ಏಳೂ ಮಕ್ಕಳು ಚೀಲ ಹೊತ್ತು ಶಾಲೆಗೆ ನಡೆಯಬೇಕಿತ್ತು. ಶಾಲೆಗಳ ವಿರುದ್ಧ ಹತ್ತು ವರ್ಷದಿಂದ ಬೀದಿಯಲ್ಲಿ ಸಿಕ್ಕಸಿಕ್ಕವರ ತಲೆ ತಿಂದಿದ್ದ ಅಪ್ಪನಿಗೆ ಅದಕ್ಕಿಂತ ದೊಡ್ಡ ಮುಖಭಂಗ ಬೇರೆ ಇರಲಿಲ್ಲ.

ಅಪ್ಪನದು ಕನ್ನಡಕದ ಅಂಗಡಿ. ಹಗಲೆಲ್ಲ ಜನರ ಕಣ್ಣಿಗೆ ಗಾಜು ಕೂರಿಸಿ, ಸಂಜೆ ಮನೆಗೆ ಬಂದೊಡನೆ ಮುಖ್ಯೋಪಾಧ್ಯಾಯನಾಗಿಬಿಡುತ್ತಿದ್ದ. ಆ ಹುದ್ದೆಗೆ ಅವನನ್ನು ನೇಮಿಸಿದವನು ಅವನೇ. ಬೆಳಗ್ಗೆ ಎಂಟರಿಂದ ಊಟದ ಮೇಜಿನ ಸುತ್ತ ಏಳು ಜನಕ್ಕೆ ಏಳು ಬಗೆಯ ಪಾಠ ಹೇಳುವವಳು ಅಮ್ಮ. ಅವಳಿಗೆ ಯಾವ ಹುದ್ದೆಯೂ ಇರಲಿಲ್ಲ.

ಅಪ್ಪ: ಮಕ್ಕಳೇ! ಎಲ್ಲಾ ಇಲ್ಲಿ ಬನ್ನಿ!

ಒಬ್ಬೊಬ್ಬರಾಗಿ ಬಂದು ನಿಂತರು. ಹದಿನೈದರ ದೊಡ್ಡವಳು, ಹದಿಮೂರರ ಎರಡನೆಯವನು, ಸದಾ ಒಟ್ಟಿಗೇ ಬಾಯಿ ತೆರೆಯುವ ಅವಳಿ ಹುಡುಗಿಯರು, ಯಾವಾಗಲೂ ಏನಾದರೂ ಅಗಿಯುತ್ತಿರುವ ಇಬ್ಬರು ನಡುವಿನವರು, ಕೊನೆಗೆ ನಾಲ್ಕು ವರ್ಷದ ಚೋಟು.

ಅಪ್ಪ: ನೋಡ್ರಪ್ಪ, ಅರ್ಧ ಗಂಟೆ ಇದೆ. (ಎರಡನೆಯವನಿಗೆ) ನೀನು ಪಾತ್ರೆ ತೊಳಿ.

ಎರಡನೆಯವನು: ನಂದು ಆ ಪಾಠ ಆಗೋಯ್ತಪ್ಪ.

ಅಪ್ಪ: ಯಾವ ಪಾಠನೋ?

ಎರಡನೆಯವನು: ಪಾತ್ರೆ. ಪಾಸಾಗಿದ್ದೀನಿ. ತೊಂಬತ್ತೆರಡು ಪರ್ಸೆಂಟು.

ಅಪ್ಪ: ಆಯ್ತು ಮಹಾರಾಯ, ನೀನು ಜಾಣ. ಅವಳಿಗಳೇ, ನೀವು ತೊಳೀರಿ.

ಅವಳಿಗಳು: ನಾವೂ ಪಾಸು!

ಅಪ್ಪ: ಹಾಗಾದ್ರೆ ನೆಲ ಗುಡಿಸಿ!

ಅವಳಿಗಳು: ಅದು ಪಾತ್ರೆಗಿಂತ ಮೊದಲೇ ಪಾಸು!

ಅಪ್ಪನಿಗೆ ಇದು ಯಾವುದೋ ಆಟ ಅನ್ನಿಸಿತು. ಸಣ್ಣಗೆ ನಕ್ಕ. ಯಾರೂ ನಗಲಿಲ್ಲವಾದ್ದರಿಂದ ಆ ನಗುವನ್ನು ಕೆಮ್ಮಾಗಿ ಬದಲಾಯಿಸಿಕೊಂಡ.

ಅಪ್ಪ: ಯಾರು ತೊಳೀತಾರೋ ಅವರಿಗೆ ಸಂಜೆ ಐಸ್‌ಕ್ರೀಂ.

ದೊಡ್ಡವಳು: ಇದಕ್ಕೆ ಲಂಚ ಅಂತಾರಪ್ಪ. ಪೌರನೀತಿ ಭಾಷಣದಲ್ಲಿ ನೀನೇ ಹೇಳಿದ್ದು.

ಅಪ್ಪ: (ಅಮ್ಮನ ಕಡೆ ತಿರುಗಿ) ಏನಿದು? ನೀನು ಇವರನ್ನ ಎತ್ತಿಕಟ್ಟಿದ್ದೀಯಾ?

ಅಮ್ಮ: ನನಗ್ಯಾಕೆ ಬೇಕಪ್ಪ ಆ ಉಸಾಬರಿ? ಫ್ರಿಜ್ ಮೇಲೆ ಅಂಟಿಸಿರೋ ಕಾಗದ ಓದಿ. ಅಕ್ಷರ ನಿಮ್ಮದೇ.

ಫ್ರಿಜ್ಜಿನ ಬಾಗಿಲಲ್ಲಿ ಭೂಪಟದ ಪಕ್ಕ ದಪ್ಪಕ್ಷರದ ಕಾಗದವಿತ್ತು. ಅಪ್ಪ ಹತ್ತಿರ ಹೋಗಿ ಓದಿದ. ನಿಯಮ ಒಂದು: ಮನೆಯ ಪ್ರತಿಯೊಂದು ಕೆಲಸವೂ ಪಾಠ. ನಿಯಮ ಎರಡು: ಒಮ್ಮೆ ಪಾಸಾದ ಪಾಠವನ್ನು ಮಗುವಿನಿಂದ ಮತ್ತೆ ಮಾಡಿಸತಕ್ಕದ್ದಲ್ಲ.

ದೊಡ್ಡವಳು: ಬಂದಿದ್ದನ್ನೇ ಮತ್ತೆ ಮತ್ತೆ ಮಾಡಿಸೋದೇ ಶಾಲೆಗಳ ದೊಡ್ಡ ರೋಗ, ನಮ್ಮನೇಲಿ ಆ ರೋಗ ಇಲ್ಲ ಅಂತ ನೀನೇ ಎದುರು ಮನೆ ಅಂಕಲ್‌ಗೆ ಒಂದು ಗಂಟೆ ಹೇಳಿದ್ದೆ. ಪಾಪ, ಅವರ ಹಾಲು ಉಕ್ಕಿಹೋಗಿತ್ತು.

ಅಪ್ಪ: ನಾನು ಹೇಳಿದ್ದು ಗಣಿತಕ್ಕೆ ಕಣೇ! ಪಾತ್ರೆಗಲ್ಲ!

ದೊಡ್ಡವಳು: ಪ್ರತಿಯೊಂದು ಕೆಲಸವೂ ಪಾಠ ಅಂತಿದೆ. ಪಾತ್ರೆ ಬಿಟ್ಟು ಅಂತಿಲ್ಲ.

ಅವಳು ಕಪಾಟಿನಿಂದ ನೀಲಿ ಫೈಲು ತಂದು ಮೇಜಿನ ಮೇಲಿಟ್ಟಳು. ಒಂದೊಂದೇ ಪ್ರಮಾಣಪತ್ರ ಹೊರಬಂತು. ಪಾತ್ರೆ ತೊಳೆಯುವಿಕೆ, ಪಾಸು. ಬಟ್ಟೆ ಮಡಚುವಿಕೆ, ಪಾಸು. ಕಸ ಬೇರ್ಪಡಿಸುವಿಕೆ, ವಿಶೇಷ ಶ್ರೇಣಿ. ಪ್ರತಿಯೊಂದರ ಕೆಳಗೂ ಬಾಲ ಉದ್ದ ಬಿಟ್ಟ ಒಂದು ಸಹಿ.

ಅಪ್ಪ: ಇದು... ನನ್ನ ಸಹಿ.

ದೊಡ್ಡವಳು: ಭಾನುವಾರ ಪೇಪರ್ ಓದ್ತಿದ್ದಾಗ ನೀನೇ ಹಾಕಿದ್ದು. "ಏನಮ್ಮಾ ಇದು?" ಅಂದೆ ನೀನು. "ದಾಖಲೆ" ಅಂದೆ ನಾನು. "ಭೇಷ್" ಅಂದು ಕನ್ನಡಕ ಕೂಡ ಹಾಕ್ಕೊಳ್ದೆ ಎಲ್ಲದಕ್ಕೂ ಹಾಕಿಕೊಟ್ಟೆ.

ಅಪ್ಪ: ಎಲ್ಲಾ ರದ್ದು! ಈ ಕ್ಷಣದಿಂದ ಯಾರೂ ಪಾಸಲ್ಲ!

ದೊಡ್ಡವಳು: ಮಾಡಪ್ಪ. ಆದ್ರೆ ಇವುಗಳ ಪ್ರತಿ ಮೇಡಂ ಹತ್ರ ಇದೆ. ನೂರಕ್ಕೆ ನೂರು ಫಲಿತಾಂಶ ಅಂತ ಕೆಂಪು ಶಾಯಿಲಿ ಬರೆದು ನೀನೇ ಅಂಚೆಗೆ ಹಾಕಿ ಬಂದೆ. ಈಗ ಏಳೂ ಜನ ಫೇಲ್ ಅಂದ್ರೆ ಅವರು ಏನಂತಾರೆ?

ಅಪ್ಪನ ಮುಖ ಹುಳ್ಳಗಾಯಿತು. ಗಡಿಯಾರ ಹತ್ತು ನಲವತ್ತು ತೋರಿಸುತ್ತಿತ್ತು. ಅವನು ಮೆಲ್ಲಗೆ ಚೋಟುವಿನ ಮುಂದೆ ಕೂತ.

ಅಪ್ಪ: ನನ್ನ ಬಂಗಾರ, ನೀನು ಇನ್ನೂ ಪುಟ್ಟೋಳು. ನಿಂದು ಪಾಸಾಗಿಲ್ಲ ಅಲ್ವಾ?

ಚೋಟು: ಚಮಚ ಪಾಸು. ಲೋಟ ಪಾಸು. ಬಾಣಲೆ ಎತ್ತಕ್ಕೆ ಆಗಲ್ಲ.

ಅಪ್ಪ ಎದ್ದು ನಿಂತ. ಇನ್ನು ಉಳಿದವಳು ಒಬ್ಬಳೇ. ಗಂಟಲು ಸರಿಮಾಡಿಕೊಂಡು, ಅಂಗಡಿಗೆ ಬಂದ ಗಿರಾಕಿಗೆ ದುಬಾರಿ ಫ್ರೇಮು ತೋರಿಸುವಾಗಿನ ದನಿಯಲ್ಲಿ ಮಾತು ತೆಗೆದ.

ಅಪ್ಪ: ನೋಡೇ... ಹೇಗಿದ್ರೂ ನಿನ್ನ ಕೈ ಚುರುಕು...

ಅಮ್ಮ: ಫೈಲಿನ ಕೊನೇ ಹಾಳೆ ತಿರುಗಿಸಿ ರೀ.

ಕೊನೆಯ ಹಾಳೆಯಲ್ಲಿ ಅಮ್ಮನಿಗೆ ಮನೆಗೆಲಸದ ಹದಿನೇಳು ವರ್ಷದ ಕೋರ್ಸು ಮುಗಿದಿತ್ತು. ಎಲ್ಲಾ ವಿಷಯಗಳಲ್ಲೂ ಪಾಸು. ಇನ್ನು ಕಲಿಯುವುದೇನೂ ಉಳಿದಿಲ್ಲ ಎಂಬ ಷರಾ. ಕೆಳಗೆ ಅದೇ ಸಹಿ, ಈ ಸಲ ಬಾಲ ಇನ್ನೂ ಉದ್ದ.

ಅಪ್ಪ: ಇದು ಅನ್ಯಾಯ! ನೀನು ದೊಡ್ಡೋಳು!

ಅಮ್ಮ: ದೊಡ್ಡೋಳೇ. ಶಾಲೆ ಬೇಡ ಅಂದೋರು ನೀವು, ಪಾಠ ಹೇಳೋಳು ನಾನು. ಭಾಷಣ ನಿಮ್ಮದು, ಗಂಟಲು ಹೋಗಿದ್ದು ನಂದು. ಪಾಠ ಮುಗಿಸಿ ಮಕ್ಕಳ ಜೊತೆ ಪಾತ್ರೆ ಮುಂದೆ ನಿಂತಾಗ, ಒಂದು ದಿನ ಬಂದು "ಸಾಕಾಯ್ತೇನೇ?" ಅಂತ ಕೇಳಿದ್ದೀರಾ?

ಈ ಮಾತನ್ನು ಅಮ್ಮ ಜಗಳದ ದನಿಯಲ್ಲಿ ಆಡಲಿಲ್ಲ. ಆಡಿದ್ದರೆ ಅಪ್ಪನಿಗೆ ಉತ್ತರ ಸುಲಭವಾಗುತ್ತಿತ್ತು. ನಿಜ ಹೇಳಬೇಕೆಂದರೆ ಅವನಿಗೆ ನಾಚಿಕೆಯಾಯಿತು. ಆದರೆ ಮುಖ್ಯೋಪಾಧ್ಯಾಯರು ನಾಚಿಕೆಯನ್ನು ಒಪ್ಪಿಕೊಳ್ಳುವ ರೂಢಿ ಇಲ್ಲವಾದ್ದರಿಂದ ಮತ್ತೆ ಗಡಿಯಾರ ನೋಡಿದ.

ಅಪ್ಪ: ಅಂದ್ರೆ ನಿನಗೂ ಇವರೆಲ್ಲ ಶಾಲೆಗೆ ಹೋದ್ರೇ ಸರಿ ಅನ್ಸುತ್ತಾ?

ಅಮ್ಮ: ಹಾಗಂದ್ನಾ? ಇವರು ಮನೇಲಿದ್ರೇ ನನಗೂ ಸಂತೋಷ. ಈ ಗಲಾಟೆ ಇಲ್ದಿದ್ರೆ ನನಗೆ ಹೊತ್ತೇ ಹೋಗಲ್ಲ. ಅದಕ್ಕೇ ಹೇಳ್ತಿರೋದು, ಬೇಗ ಯಾರಾದ್ರೂ ತೊಳೀಲಿ.

ಅಪ್ಪ: ಎಲ್ಲಾರೂ ಪಾಸಾದ್ಮೇಲೆ ತೊಳಿಯೋರು ಯಾರೇ?

ಎಂಟು ಜೊತೆ ಕಣ್ಣುಗಳು ಒಂದೇ ಕಡೆ ನೋಡಿದವು. ಅಪ್ಪ ತಿರುಗಿ ತನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿದ. ಹಿಂದೆ ಇದ್ದದ್ದು ಸಿಂಕು.

ಅಪ್ಪ: ನಾನಾ? ನಾನು ಮುಖ್ಯೋಪಾಧ್ಯಾಯ!

ದೊಡ್ಡವಳು: ಫೈಲಲ್ಲಿ ನಿನ್ನದೊಂದೂ ಸರ್ಟಿಫಿಕೇಟ್ ಇಲ್ಲಪ್ಪ. ಬೇಕಾದ್ರೆ ಹುಡುಕು.

ಅಮ್ಮ ಮೊಳೆಯಿಂದ ಏಪ್ರನ್ ತೆಗೆದು ಅವನ ಕೊರಳಿಗೆ ಹಾಕಿದಳು. ಚೋಟು ಸ್ಟೂಲು ಎಳೆದು ತಂದು ಪಕ್ಕದಲ್ಲಿ ಹತ್ತಿ ನಿಂತಳು.

ಚೋಟು: ಮೊದ್ಲು ಲೋಟ. ಆಮೇಲೆ ಜಿಡ್ಡಿಂದು. ಅಯ್ಯೋ, ಅಷ್ಟು ಸೋಪ್ ಹಾಕ್ಬಾರ್ದು!

ಅಪ್ಪ: ಗೊತ್ತು ಕಣೇ.

ಚೋಟು: ಗೊತ್ತಿಲ್ಲ. ತಳ ಉಜ್ಜೇ ಇಲ್ಲ. ಮತ್ತೆ ಮಾಡು.

ಅಪ್ಪ: ಮೇಲೆ ಹೊಳೀತಿದೆಯಲ್ಲ!

ಚೋಟು: ತಳ ನೋಡ್ಬೇಕು. ಅಮ್ಮ ತಳಾನೇ ನೋಡೋದು.

ಬಾಣಲೆ ಎತ್ತಿದಾಗ ಕೊನೆಗೂ ನಲ್ಲಿ ಕಂಡಿತು. ಅದನ್ನು ಅಗತ್ಯಕ್ಕಿಂತ ಜೋರಾಗಿ ತಿರುಗಿಸಿದ್ದರಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ಪೂರ್ತಿ ತೊಯ್ದುಹೋಯಿತು. ಆ ಹೊತ್ತಿಗೇ ಕರೆಗಂಟೆ ಸದ್ದು ಮಾಡಿತು. ಮೇಡಂ ಹತ್ತು ನಿಮಿಷ ಮೊದಲೇ ಬಂದಿದ್ದರು. ಕೈಚೀಲ, ಪೆನ್ನು, ಹೋದ ವರ್ಷದ್ದೇ ಬಿಗಿ ಮುಖ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೊರೆಯ ನಡುವಿನ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದರು.

ಮೇಡಂ: ಏನು ನಡೀತಿದೆ ಇಲ್ಲಿ?

ಅಪ್ಪ: ಅದು... ಮೇಡಂ... ನಮ್ಮ ಮನೇಲಿ ಪ್ರತಿಯೊಂದು ಕೆಲಸವೂ ಪಾಠ...

ಮೇಡಂ: ಗೊತ್ತು. ನಲವತ್ತು ಸರ್ಟಿಫಿಕೇಟು ಓದಿದ್ದೀನಿ. ಇಲ್ಲಿ ಟೀಚರ್ ಯಾರು?

ಚೋಟು: (ಸ್ಟೂಲಿನ ಮೇಲಿಂದ ಕೈ ಎತ್ತಿ) ನಾನು!

ಮೇಡಂ: ಹಾಗಾ! ವಿದ್ಯಾರ್ಥಿ ಹೇಗಿದ್ದಾನೆ?

ಚೋಟು: ಫೇಲು. ಆದ್ರೆ ಅಳಲ್ಲ.

ಹೋದ ವರ್ಷ ಒಮ್ಮೆಯೂ ನಗದಿದ್ದ ಮೇಡಂ ಚೀಲವನ್ನು ಕುರ್ಚಿಯ ಮೇಲಿಟ್ಟು ಜೋರಾಗಿ ನಕ್ಕರು. ಆಮೇಲೆ ಮಕ್ಕಳನ್ನು ಮೇಜಿನ ಸುತ್ತ ಕೂರಿಸಿಕೊಂಡು ಓದಿಸಿದರು, ಲೆಕ್ಕ ಕೇಳಿದರು, ಅವಳಿಗಳನ್ನು ಬೇರೆಬೇರೆ ಮೂಲೆಗೆ ಕಳಿಸಿ ಒಂದೇ ಪ್ರಶ್ನೆ ಕೇಳಿ ಒಂದೇ ಉತ್ತರ ಪಡೆದರು. ಅಪ್ಪ ತಿರುಗಿ ನೋಡಿದಾಗಲೆಲ್ಲ ಚೋಟು ಅವನ ಗಲ್ಲ ಹಿಡಿದು ಸಿಂಕಿನ ಕಡೆ ತಿರುಗಿಸುತ್ತಿದ್ದಳು.

ಮೇಡಂ: ಮಕ್ಕಳು ಚೆನ್ನಾಗಿ ಕಲ್ತಿದ್ದಾರೆ. ಒಂದು ವರ್ಷ ಅನುಮತಿ ಕೊಡ್ತಿದ್ದೀನಿ. ಒಟ್ಟು ವಿದ್ಯಾರ್ಥಿಗಳು ಏಳು ಅಲ್ವಾ?

ಅಮ್ಮ: ಎಂಟು ಅಂತ ಬರ್ಕೊಳ್ಳಿ ಮೇಡಂ. ಒಬ್ಬರು ಇವತ್ತೇ ಸೇರಿದ್ರು.

ಮೇಡಂ ಬರೆದುಕೊಂಡೇ ಹೋದರು. ಬಾಗಿಲು ಮುಚ್ಚಿದ್ದೇ ತಡ, ಅಪ್ಪ ಒದ್ದೆ ಕೈ ಅಂಗಿಗೇ ಒರೆಸಿಕೊಂಡು ಎದೆ ಸೆಟೆಸಿದ. ಅನುಮತಿ ಸಿಕ್ಕಿತ್ತು, ಮರ್ಯಾದೆ ಉಳಿದಿತ್ತು, ತಲೆಯೂ ಮತ್ತೆ ಓಡತೊಡಗಿತ್ತು.

ಅಪ್ಪ: ಎಂಟಾದ್ರೇನು? ನಿಯಮ ನಂದೇ ತಾನೆ! ಒಂದು ವಾರ ತೊಳೀತೀನಿ, ಪಾಸಾಗ್ತೀನಿ, ಆಮೇಲೆ ಯಾರೂ ನನ್ನ ಮುಟ್ಟೋ ಹಾಗಿಲ್ಲ. ಎಲ್ಲಿ ಆ ಸರ್ಟಿಫಿಕೇಟ್ ಕಾಗದ? ಈಗ್ಲೇ ಸಹಿ ಹಾಕಿ ಇಟ್ಕೋತೀನಿ.

ಅಮ್ಮ: (ಫೈಲು ಕಂಕುಳಲ್ಲಿ ಇಟ್ಟುಕೊಂಡು) ವಿದ್ಯಾರ್ಥಿ ಎಲ್ಲಾದ್ರೂ ತನ್ನ ಸರ್ಟಿಫಿಕೇಟಿಗೆ ತಾನೇ ಸಹಿ ಹಾಕ್ತಾನೇನ್ರೀ? ಇನ್ಮೇಲೆ ಸಹಿ ನಂದು. ಹೆದರಬೇಡಿ, ನಾನು ನಿಮ್ಮ ಹಾಗಲ್ಲ. ತಳ ನೋಡಿಯೇ ಹಾಕೋದು.