ಗಜಘೋಷ ಬ್ಯಾಂಡ್ ಕಂಪನಿಯ ನಾದದ ಕುರಿತು

ಭಾಲ್ಕಿಯ ಗಜಘೋಷ ಬ್ಯಾಂಡ್ ಕಂಪನಿಯ ನಾದವು ಸದ್ಯ ಎರಡು ರಾಜ್ಯಗಳಲ್ಲಿ ವಿಚಾರಣೆಗೆ ಬಾಕಿ ಇರುತ್ತದೆ.

ಕಂಪನಿಗೆ ಪಾಲುದಾರರು ಇಬ್ಬರು: ಭಾಲ್ಕಿಯಲ್ಲಿ ಕಹಳೆ ಊದುವ ಬೆಂಜಮಿನ, ಗಡಿಯಾಚೆ ಮಹಾರಾಷ್ಟ್ರದಲ್ಲಿ ಡೋಲು ಬಾರಿಸುವ ವೈಜಿನಾಥ. ಮೆರವಣಿಗೆಯಲ್ಲಿ ಮುಂದೆ ನಡೆಯುವವರು ಯಾರು ಎಂಬ ಘನವಾದ ಪ್ರಶ್ನೆಯ ಮೇಲೆ ಮುನಿಸಿಕೊಂಡು, ಕಂಪನಿ ತನ್ನದೇ ಎಂದು ಇಬ್ಬರೂ ಒಂದೇ ದಿನ ತಮ್ಮ ತಮ್ಮ ರಾಜ್ಯದಲ್ಲಿ ದಾವೆ ಹೂಡಿದರು.

ಒಂದೇ ವ್ಯಾಜ್ಯ ಎರಡು ಕಡೆ ನಡೆಯಕೂಡದು. ಮೊದಲು ದಾಖಲಾದದ್ದು ನಡೆಯಬೇಕು, ಎರಡನೆಯದು ಕಾಯಬೇಕು. ನಿಯಮ ಸರಳವೇ. ಆದರೆ ‘ಮೊದಲು ತಾವು’ ಎನ್ನುವ ನಿಜಾಮರ ಕಾಲದ ಅದಬು ಈ ಸೀಮೆಯಿಂದ ಇನ್ನೂ ಹೋಗಿಲ್ಲ. ಆ ಕಡೆಯ ಗೋಡೆ ಗಡಿಯಾರ ಐದು ನಿಮಿಷ ಮುಂದಿರುವುದರಿಂದ ಅವರದೇ ಮೊದಲು ಎಂದು ಈ ಕಡೆಯ ಕೋರ್ಟು ಕಾಯಲು ಕೂತಿತು. ಛೆ, ಎಲ್ಲಾದರೂ ಉಂಟೆ, ನಿಮ್ಮದೇ ಮೊದಲು ಎಂದು ಆ ಕಡೆಯದೂ ಕಾಯಲು ಕೂತಿತು. ಹೀಗೆ ನಾಲ್ಕು ವರ್ಷ. ತೀರ್ಪಾಗುವವರೆಗೆ ಕಂಪನಿಯ ವಾದ್ಯಗಳಿಂದ ಯಾವುದೇ ನಾದ ಹೊರಡಕೂಡದು ಎಂಬುದರಲ್ಲಿ ಮಾತ್ರ ಎರಡಕ್ಕೂ ಒಮ್ಮತವಿತ್ತು.

ಅಷ್ಟರಲ್ಲಿ ಬೆಂಜಮಿನನ ಒಬ್ಬಳೇ ಮಗಳು ಪ್ರಿಸಿಲ್ಲಾಳ ಮದುವೆ ಔರಾದದಲ್ಲಿ ಗೊತ್ತಾಯಿತು.

"ಬ್ಯಾರೆ ಬ್ಯಾಂಡ್ ತರಸೂಣೇನವಾ?" ಎಂದ ಬೆಂಜಮಿನ.

"ಊರ ಮಂದಿ ಮದುವಿಗೆಲ್ಲಾ ನೀವೇ ಊದೀರಿ ಪಪ್ಪಾ. ನನಗೂ ನಿಮ್ಮ ಕಹಳಿನೇ ಬೇಕ್ರಿ."

ಬೆಂಜಮಿನನ ವಕೀಲ ನಂದಕುಮಾರ ಕೋರ್ಟಿನ ಆದೇಶವನ್ನು ಮೂರು ಸಲ ಓದಿದರು. "ನಾದ ಬ್ಯಾಡ ಅಂದಾರ್ರಿ. ಊದಬ್ಯಾಡ ಅಂತ ಎಲ್ಲಿ ಅಂದಾರ?"

ಅದರಂತೆ ಔರಾದದ ಬೀದಿಯಲ್ಲಿ ಕೆಂಪು ಕೋಟಿನ ಹದಿನಾಲ್ಕು ಮಂದಿ ಗಲ್ಲ ಉಬ್ಬಿಸಿ, ಬೆರಳಾಡಿಸಿ, ಕಿಂಚಿತ್ತೂ ಸದ್ದಿಲ್ಲದೆ ನುಡಿಸುತ್ತ ನಡೆದರು. ಆದೇಶದ ನಕಲು ಹಿಡಿದು ಬಂದ ವೈಜಿನಾಥ ಒಂದೊಂದು ಕಹಳೆಗೂ ಕಿವಿಯಿಟ್ಟು ತಪಾಸಣೆ ಮಾಡಿದ. "ನಾದ ಇಲ್ಲ. ಬರೋಬರಿ ಅದ" ಎಂದು ಸಹಿ ಹಾಕಿ, ಡೋಲು ಕೊರಳಿಗೇರಿಸಿ ತಾನೂ ಗಾಳಿಯಲ್ಲಿ ಬಾರಿಸತೊಡಗಿದ. ಬೀಗರು ಅಂಗಿ ಒದ್ದೆಯಾಗುವಂತೆ ಕುಣಿದರು. ವರನ ಅಜ್ಜಿ ಹೆಪ್ಸಿಬಾ ಮಾತ್ರ, "ಈಗ ಊದಿದ್ದು ಇನ್ನೊಮ್ಮಿ ಊದ್ರಿ, ಛಲೋ ಅದ" ಎಂದು ಫರ್ಮಾಯಿಷ್ ಮಾಡಿದರು.

ಮಗಳು ಗಂಡನ ಮನೆಯ ಹೊಸ್ತಿಲು ದಾಟುವಾಗ ಬೆಂಜಮಿನನಿಗೆ ಅಳು ಒತ್ತರಿಸಿ ಬಂತು. ಕಹಳೆ ತುಟಿಯ ಮೇಲೇ ಇತ್ತು. ಬಿಕ್ಕಿದರೆ ನಾದ, ನಾದವಾದರೆ ನ್ಯಾಯಾಂಗ ನಿಂದನೆ. ಆತ ಆದೇಶಾನುಸಾರ, ಸದ್ದಿಲ್ಲದೆ ಅತ್ತ.

"ಏನ್ ಊದ್ತಾನಪಾ ಮನುಷ್ಯಾ!" ಎಂದು ಬೀಗರು ತಲೆದೂಗಿದರು.