ಎಡಗೈಗೆ ತಿಳಿಯದ ದಾನ

ಭಾನುವಾರದ ಬೋಧನೆ ದರ್ಜಿಯ ಎದೆಗೆ ನೇರವಾಗಿ ನಾಟಿಬಿಟ್ಟಿತು. "ಎರಡು ಅಂಗಿ ಇರೋನು ಇಲ್ಲದೋನಿಗೆ ಒಂದು ಕೊಡಲಿ. ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯಬಾರದು" ಅಂದಿದ್ದರು ಪಾದ್ರಿಗಳು. ಅವನಿಗೆ ಅಂಗಿಯ ಯೋಚನೆ ಬರಲಿಲ್ಲ. ಅಂಗಡಿಯಲ್ಲಿದ್ದ ಎರಡು ಹೊಲಿಗೆ ಮಷೀನು ಕಣ್ಮುಂದೆ ಬಂದವು. ಹಿಂದಿನ ಓಣಿಯಲ್ಲಿ ಪಾತ್ರೆ ತಿಕ್ಕಿ ಮೂರು ಮಕ್ಕಳನ್ನು ಸಾಕುತ್ತಿದ್ದ ವಿಧವೆಗೆ ಹೊಲಿಗೆ ಬರುತ್ತಿತ್ತು, ಮಷೀನು ಇರಲಿಲ್ಲ.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಹಳೆಯ ಮಷೀನನ್ನು ಚಾದರದಲ್ಲಿ ಸುತ್ತಿ, ಕಳ್ಳಬೆಕ್ಕಿನಂತೆ ಹೋಗಿ ಅವಳ ಬಾಗಿಲಲ್ಲಿಟ್ಟು ಬಂದ. ಸೊಂಟ ಹಿಡಿದಿತ್ತು, ಮನಸ್ಸು ಮಾತ್ರ ಹತ್ತಿಯಷ್ಟು ಹಗುರಾಗಿತ್ತು.

ಒಂಬತ್ತಕ್ಕೆ ಬೇಕರಿಯವನು ಬಟ್ಟೆ ಕೊಡಲು ಬಂದ. "ಕೇಳಿದ್ರಾ? ಮರದ ಡಿಪೋ ಸಾಹುಕಾರ್ರು ಆ ಬಡವಿಗೆ ಮಷೀನು ಕೊಟ್ಟಿದಾರಂತೆ. ಯಾರಿಗೂ ಗೊತ್ತಾಗದ ಹಾಗೆ."

ದರ್ಜಿಯ ಬಾಯಲ್ಲಿದ್ದ ಗುಂಡುಸೂಜಿ ಕೆಳಗೆ ಬಿತ್ತು. "ಅವರೇ ಹೇಳಿದ್ರಾ?"

"ಅವರು ಹೇಳ್ತಾರಾ? ಬೆಳಗ್ಗೆ ಆ ಕಡೆ ವಾಕಿಂಗ್ ಹೋಗಿದ್ರಂತೆ. ಆಯಮ್ಮ ಕೈ ಹಿಡಿದು ಅತ್ತು, 'ನೀವೇ ತಾನೆ ಇಟ್ಟಿದ್ದು' ಅಂದಳಂತೆ. ಆಕಾಶ ನೋಡಿ, 'ನಾವ್ಯಾರಮ್ಮ ಕೊಡೋಕೆ, ಕೊಡೋನು ದೇವರು' ಅಂದ್ರಂತೆ. ದೊಡ್ಡ ಮನುಷ್ಯರು."

ದರ್ಜಿಗೆ ಮೈಯೆಲ್ಲ ಉರಿಯಿತು. ಆ ಸಾಹುಕಾರ ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ. ಆಳೊಬ್ಬ ಒಲೆಗೆ ಒಂದು ಚಕ್ಕೆ ಒಯ್ದರೂ ಕೂಲಿ ಮುರಿದುಕೊಳ್ಳುವವನು. ಆದರೆ ಬಾಯಿ ಬಿಟ್ಟರೆ ದಾನ ಕೆಟ್ಟಿತು. ಕೋಪವನ್ನು ಬಿಸಿತುಪ್ಪದಂತೆ ಬಾಯಲ್ಲಿಟ್ಟುಕೊಂಡು ಕೂತ.

ಹನ್ನೊಂದಕ್ಕೆ ಹೆಂಡತಿ ಬಂದು ಮೂಲೆ ನೋಡಿದಳು. "ಹಳೇ ಮಷೀನೆಲ್ಲಿ?"

"ಇಲ್ಲೇ... ಎಲ್ಲೋ ಇರಬೇಕು."

"ಎಲ್ಲೋ ಇರೋಕೆ ಅದೇನು ಸೂಜಿಯಾ?"

ಅವಳು ಬೀದಿಗಿಳಿದು ಕಳ್ಳತನವಾಯಿತೆಂದು ಗೋಳಾಡಿದಳು. ಗಂಡ "ಬೇಡ ಕಣೇ" ಅನ್ನುವಷ್ಟರಲ್ಲಿ ಬೇಕರಿಯವನು ಪೊಲೀಸಿನವನನ್ನು ಕರೆತಂದಿದ್ದ. ಹುಡುಕುವುದೇನೂ ಕಷ್ಟವಾಗಲಿಲ್ಲ, ಅಂದು ಬೀದಿಯವರೆಲ್ಲರ ಬಾಯಲ್ಲಿದ್ದ ಮಷೀನು ಒಂದೇ. ವಿಧವೆಯ ಬಾಗಿಲಲ್ಲಿ ಜನ ಸೇರಿದರು. ಸಾಹುಕಾರನಿಗೂ ಹೇಳಿಕಳಿಸಿದರು.

"ಸ್ವಾಮಿ, ನೀವು ದಾನ ಕೊಟ್ಟಿರೋದು ಕದ್ದ ಮಾಲು" ಅಂದ ಪೊಲೀಸಿನವನು.

"ನಾನೆಲ್ಲಿ ಕೊಟ್ಟೆ? ಕೊಡೋನು ದೇವರು ಅಂದೆ, ಅಷ್ಟೆ" ಅಂದ ಸಾಹುಕಾರ. "ಬೇಕಾದ್ರೆ ಅವನನ್ನೇ ಕೇಳಿ."

ಪೊಲೀಸಿನವನು ವಿಧವೆಯತ್ತ ತಿರುಗಿದ. "ಹಾಗಾದ್ರೆ ಕದ್ದೋಳು ನೀನೇ. ನಡಿ ಠಾಣೆಗೆ."

ಮಕ್ಕಳು ತಾಯಿಯ ಸೆರಗು ಹಿಡಿದು ಅಳತೊಡಗಿದವು. ದರ್ಜಿಗೆ ಇನ್ನು ತಡೆಯಲಾಗಲಿಲ್ಲ. "ಬಿಡ್ರಿ ಅವಳನ್ನ. ಇಟ್ಟೋನು ನಾನು. ಕೊಡದೇ ಇರೋನಿಗೆ ಹಾರ, ಬಡವಿಗೆ ಬೇಡಿ, ಇದ್ಯಾವ ಸೀಮೆ ನ್ಯಾಯ?"

ಸಾಹುಕಾರ ಚಪ್ಪಲಿ ನೋಡಿಕೊಂಡ. ಹೆಂಡತಿ ಮಾತ್ರ ಗಂಡನನ್ನೇ ನೋಡಿದಳು. "ನನಗೊಂದು ಮಾತು ಹೇಳೋಕೇನಾಗಿತ್ತು?"

"ಎಡಗೈಗೆ ತಿಳೀಬಾರದು ಅಂದಿದ್ರಲ್ಲ."

"ನಾನು ಎಡಗೈಯಾ?"

ಅಷ್ಟರಲ್ಲಿ ಬಂದಿದ್ದ ಪಾದ್ರಿಗಳ ಕಣ್ಣು ತುಂಬಿತ್ತು. "ಇವರು ಇದ್ದಿದ್ದನ್ನ ಕೊಟ್ರು. ನಾವೇನು ಕೊಟ್ವಿ? ಇವತ್ತಿಂದ ನಮ್ಮ ಹೊಲಿಗೆಯೆಲ್ಲ ಈ ತಾಯಿಗೇ ಕೊಡೋಣ."

ಎಲ್ಲರೂ ತಲೆಯಾಡಿಸಿದರು. ಎಲ್ಲರಿಗಿಂತ ಮೊದಲು ಕಣ್ಣೊರೆಸಿಕೊಂಡು ತಲೆಯಾಡಿಸಿದವನು ದರ್ಜಿಯೇ. ಮಾತಿನ ಅರ್ಥ ತಲೆಗೆ ಹತ್ತಿದ್ದು ಆಮೇಲೆ.

ಮಧ್ಯಾಹ್ನ ಬೇಕರಿಯವನು ಬಟ್ಟೆ ವಾಪಸ್ ಒಯ್ದ. ಸಾಹುಕಾರ ಮಾನ ಉಳಿಸಿಕೊಳ್ಳಲು ದರ್ಜಿಗೆ ಬರಬೇಕಿದ್ದ ಆಳುಗಳ ಅರವತ್ತು ಸಮವಸ್ತ್ರದ ಹೊಲಿಗೆಯನ್ನು ವಿಧವೆಗೆ ಒಪ್ಪಿಸಿದ. ಕೊನೆಗೆ ಪಾದ್ರಿಗಳೇ ಬಂದು ಅರ್ಧ ಹೊಲಿದಿದ್ದ ತಮ್ಮ ನಿಲುವಂಗಿಯನ್ನು ಎತ್ತಿಕೊಂಡರು. "ಬೇಜಾರಾಗಬೇಡಿ. ನಿಮ್ಮ ಫಲ ಪರಲೋಕದಲ್ಲಿದೆ."

"ಫಾದರ್, ಅಂಗಡಿ ಬಾಡಿಗೆ ಈ ಲೋಕದಲ್ಲಿದೆ" ಅಂದ ದರ್ಜಿ ಹಲ್ಲು ಕಚ್ಚಿ. ಅಷ್ಟು ಹೊತ್ತಿಗೆ ಅವರು ಓಣಿ ದಾಟಿದ್ದರು.

ಸಂಜೆ ವಿಧವೆ ಬಂದು ಹೊಸ್ತಿಲಲ್ಲಿ ನಿಂತಳು. ಮಷೀನು ವಾಪಸ್ ಕೊಡಲು ಬಂದಳೇನೋ ಎಂದು ದರ್ಜಿಗೆ ಆಸೆ ಚಿಗುರಿತು. ಇಸಿದುಕೊಳ್ಳುವುದು ಪಾಪವೋ ಅಲ್ಲವೋ ಎಂದು ಲೆಕ್ಕ ಹಾಕುತ್ತಿದ್ದಾಗ ಅವಳೇ ಬಾಯಿ ತೆರೆದಳು.

"ಅಣ್ಣಾ, ನಿಮ್ಮ ಋಣ ಹೇಗೆ ತೀರಿಸಲಿ? ನಂಗೊಬ್ಬಳಿಗೆ ಇಷ್ಟೊಂದು ಕೆಲಸ ಆಗ್ತಿಲ್ಲ. ನಿಮ್ಮ ಅಂಗಡಿ ಹೇಗೂ ಖಾಲಿ ಇದೆಯಂತೆ. ನಾಳೆಯಿಂದ ನಮ್ಮನೇಗೆ ದಿನಗೂಲಿಗೆ ಬರ್ತೀರಾ?"

ಉತ್ತರ ಒಳಗಿನಿಂದ ಬಂತು.

"ಬರ್ತಾರೆ ಕಣಮ್ಮ" ಅಂದಳು ಹೆಂಡತಿ. "ಎಂಟಕ್ಕೇ ಕಳಿಸ್ತೀನಿ. ಕೂಲಿ ಮಾತ್ರ ನನ್ನ ಕೈಗೆ ಕೊಡು."